ಸಹಾಯ ಬೇಕು: ನೆರೆಯ ಮೆಕ್ಕಲು ನಿಂತ ಗದ್ದೆಯಲ್ಲಿ ಶೇಂಗಾ ಮೊಳಕೆ ಮೇಲೇಳುತ್ತಿಲ್ಲ

ಕೃಷಿಕ ಮಿತ್ರರಿಗೆ ನಮಸ್ಕಾರಗಳು. ಅಂಕೋಲಾ ತಾಲೂಕಿನ ಗಂಗಾವಳಿ ದಂಡೆಯಲ್ಲಿರುವ ನಮ್ಮ 30 ಗುಂಟೆ ಗದ್ದೆಯಲ್ಲಿ 2019ರ ಆಗಸ್ಟ್ ನೆರೆಯು ಗೇಣುದ್ದ ಮೆಕ್ಕಲು ಬಿಟ್ಟುಹೋಗಿದೆ. ಭತ್ತಕ್ಕೆ ಅದರಿಂದ ಒಳ್ಳೆಯದೇ ಆಯಿತು. ತೊಂದರೆ ಇರುವುದು ಕೊಯ್ಲಿನ ನಂತರ ಬಿತ್ತುವ ಶೇಂಗಾದಲ್ಲಿ.

ಒಣಗಿದ ಈ ಮಣ್ಣನ್ನು ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಂತೆ ನುಣುಪಾಗಿದೆ, ಒದ್ದೆ ಮಾಡಿದರೆ ಉಂಡೆ ನಿಲ್ಲುತ್ತದೆ, ಆದರೆ ಜೇಡಿಯಂತೆ ಉದ್ದನೆಯ ಎಳೆಯಾಗಿ ಹೊಸೆಯಲು ಬರುವುದಿಲ್ಲವಾದ್ದರಿಂದ, 0.002ರಿಂದ 0.05 ಮಿ.ಮೀ. ಗಾತ್ರದ, ಅಂದರೆ ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡದಾದ ಗೋಡಿನ ಕಣಗಳೇ ಇದರಲ್ಲಿ ಹೆಚ್ಚೆಂದು ನನ್ನ ಅಂದಾಜು. ಇಂಥ ಕಣಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳದ ಕಾರಣ, ನೀರು ಬಿಟ್ಟೊಡನೆ ಹೆಂಟೆಗಳು ಕರಗಿ, ಮೂರ್ನಾಲ್ಕು ದಿನಗಳ ಬಿಸಿಲಿಗೆ ಮೇಲ್ಮಣ್ಣು ಹಪ್ಪಳದಂತೆ ಹೆಪ್ಪುಗಟ್ಟುತ್ತದೆ. ಕಳೆದ ವಾರ ಅಂಥದ್ದೊಂದು ಹಪ್ಪಳವನ್ನು ಎತ್ತಿ ನೋಡಿದಾಗ, ಅಡಿಯಲ್ಲಿ ಮೊಳಕೆಯು ಕೊಕ್ಕೆಯಂತೆ ಬಾಗಿ ಹಳದಿಯಾಗಿತ್ತು. ಹಸಿ ಆರುವ ಮೊದಲೇ ಟ್ರ್ಯಾಕ್ಟರ್ ಇಳಿಸಿ ಅಡಿಮಣ್ಣನ್ನೂ ಬಿಗಿಯಾಗಿಸಿದ್ದು ನನ್ನದೇ ಅವಸರ.

ಮರಳು ಬೆರೆಸಿರೆಂದು ಕೆಲವರು ಹೇಳುತ್ತಾರೆ. ಅಷ್ಟು ಮರಳು ತರುವುದು ನಮ್ಮಿಂದ ಆಗದ ಮಾತು. ಕಾಳಿ ಅಥವಾ ಅಘನಾಶಿನಿಯ ದಂಡೆಯಲ್ಲಿ ಇಂಥದ್ದೇ ಮಣ್ಣಿರುವವರು, ಗುಂಟೆಗೆ ಎಷ್ಟು ಕೊಟ್ಟಿಗೆ ಗೊಬ್ಬರ ಹಾಕಿದಿರಿ, ಬಿತ್ತಿದ ಮೇಲೆ ದರಕು (ಒಣ ಎಲೆ) ಹೊದಿಸಿದ್ದರಿಂದ ಹೆಪ್ಪು ಕಡಿಮೆಯಾಯಿತೇ, ಏರುಮಡಿ ಮಾಡಿದರೆ ಅನುಕೂಲವೇ ಎಂಬುದನ್ನು ದಯವಿಟ್ಟು ತಿಳಿಸಬೇಕು. ನಮ್ಮ ಗದ್ದೆಗೆ ಉಪ್ಪುನೀರು ಬರುವುದಿಲ್ಲವಾದ್ದರಿಂದ ಗಜನಿ ಭೂಮಿಯ (ಹಿನ್ನೀರಿನ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಉಪಾಯಗಳು ಇಲ್ಲಿಗೆ ಹೊಂದಲಾರವು.