ಇಲ್ಲದ ಊರಿನ ನೆನಪು

“ಏನೇ ಹೇಳಿ, ಆ ಕಾಲವೇ ಚೆಂದ” ಎನ್ನುತ್ತಾ ಮೂರ್ತಿಗಳು ಬೆಂಚಿನ ಮೇಲೆ ಕೂತರು.

“ಯಾವ ಕಾಲ?” ವೆಂಕಣ್ಣ ಕೇಳಿದರು.

“ಅದೇ ರೀ, ನಿನ್ನೆ ನೋಡಿಕೊಂಡು ಬಂದೆವಲ್ಲ, ಆ ಕಾಲ.”

“ನಿನ್ನೆ ನೋಡಿದ್ದು ಶನಿವಾರ ಕಣ್ರೀ.”

ಇದು ನಡೆದದ್ದು ನಾರ್ತ್ ಕೆರೊಲೈನಾದ ಒಂದು ಪಾರ್ಕಿನಲ್ಲಿ. ಊರಿನ ಹೆಸರನ್ನು ಇಲ್ಲಿಯವರು ಕ್ಯಾರಿ ಎನ್ನುತ್ತಾರೆ. ವೆಂಕಣ್ಣ ಮಾತ್ರ ಕೇರಿ ಎಂದೇ ಹೇಳುವುದು. ಅವರ ಲೆಕ್ಕದಲ್ಲಿ ಮಗನ ಮನೆ ಮೇಲಿನ ಕೇರಿ, ತರಕಾರಿ ಅಂಗಡಿ ಕೆಳಗಿನ ಕೇರಿ. ಮೊಮ್ಮಕ್ಕಳು ಜಾರುಬಂಡೆಯ ಮೇಲಿದ್ದರು, ಮಕ್ಕಳು ಫೋನಿನಲ್ಲಿದ್ದರು. ಆರು ತಿಂಗಳಿಗೆಂದು ಬಂದ ನಮ್ಮಂಥವರಿಗೆ ಈ ಬೆಂಚೇ ಅರಳಿಕಟ್ಟೆ.

ಹಿಂದಿನ ದಿನ ಮೂರ್ತಿಗಳ ಮಗ ನಮ್ಮನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಮೌಂಟ್ ಏರಿ ಎಂಬ ಊರಿಗೆ ಕರೆದುಕೊಂಡು ಹೋಗಿದ್ದ. ಎರಡೂ ಚಿಲ್ಲರೆ ಗಂಟೆಯ ದಾರಿ. ಹತ್ತು ಸಾವಿರ ಜನರ ಸಣ್ಣ ಊರು. ಆಂಡಿ ಗ್ರಿಫಿತ್ ಎಂಬ ನಟ 1926ರಲ್ಲಿ ಹುಟ್ಟಿದ್ದು ಅಲ್ಲಿ. ಆತನ ಹೆಸರಿನ ಟಿವಿ ಧಾರಾವಾಹಿ 1960ರಿಂದ 1968ರವರೆಗೆ ನಡೆಯಿತು. ಅದರಲ್ಲಿ ಮೇಬೆರಿ ಅಂತ ಒಂದು ಊರು. ಅಲ್ಲೊಬ್ಬ ಸಾಧು ಪೊಲೀಸಪ್ಪ, ಒಬ್ಬ ಮಾತುಗಾರ ಕ್ಷೌರಿಕ, ಅಕ್ಕರೆಯ ಒಬ್ಬ ಅತ್ತೆ. ಕಳ್ಳರೂ ಒಳ್ಳೆಯವರೇ.

“ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ, ಅಲ್ವಾ?” ಎಂದರು ಮೂರ್ತಿಗಳು. “ಅದೇ ಕ್ಷೌರದಂಗಡಿ, ಅದೇ ಠಾಣೆ, ಅದೇ ಹಳೇ ಫೋರ್ಡ್ ಕಾರು.”

“ಉಳಿಸಿಕೊಳ್ಳೋದಕ್ಕೆ ಮೊದಲು ಇರಬೇಕಲ್ಲ ಸ್ವಾಮಿ. ಮೇಬೆರಿ ಅನ್ನೋ ಊರೇ ಇರಲಿಲ್ಲ. ಧಾರಾವಾಹಿ ತೆಗೆದಿದ್ದು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ. ಅಂಗಡಿ ಅನ್ನೋದೆಲ್ಲ ಸೆಟ್ಟು. ನೀವು ನಿನ್ನೆ ಕಣ್ಣೀರು ಹಾಕಿದ್ದು ಸೆಟ್ಟಿನ ನಕಲಿನ ಮುಂದೆ.”

“ಕಣ್ಣೀರಲ್ಲ, ಅಲರ್ಜಿ.”

“ಇವರಿಗೆ ಅಲರ್ಜಿ ಬರೋದು ಹಳೇ ಫೋಟೋ ನೋಡಿದಾಗಲೇ” ಎಂದರು ಸರೋಜಕ್ಕ, ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆಯುತ್ತಾ.

ನಾಗರಾಜು ಆಗಲೇ ಫೋನು ತೆಗೆದಿದ್ದ. “ಪೂರ್ತಿ ಸುಳ್ಳಲ್ಲ ವೆಂಕಣ್ಣನವರೇ. ಸ್ನ್ಯಾಪಿ ಲಂಚ್ ಅನ್ನೋ ಹೋಟೆಲು ನಿಜವಾದದ್ದೇ. 1923ರಿಂದ ಇದೆ. ಧಾರಾವಾಹಿಯಲ್ಲಿ ಒಮ್ಮೆ ಅದರ ಹೆಸರು ಬಂತಂತೆ.”

“ನಿಜವಾದದ್ದೇ. ಆದರೆ ಅಲ್ಲಿ ಹೆಸರುವಾಸಿ ಏನಪ್ಪಾ?”

ನಾಗರಾಜು ಗಂಟಲು ಸರಿಮಾಡಿಕೊಂಡ. ಅಲ್ಲಿ ಹೆಸರುವಾಸಿ ಹಂದಿಮಾಂಸದ ಸ್ಯಾಂಡ್‌ವಿಚ್ಚು. ಹಿಟ್ಟಿನಲ್ಲಿ ಅದ್ದಿ ಕರಿದ ದೊಡ್ಡ ತುಂಡು, ಮೇಲೆ ಕೋಸಿನ ಪಲ್ಯದಂಥದ್ದು, ಟೊಮೆಟೊ, ಈರುಳ್ಳಿ, ಸಾಸಿವೆ. ಏಕಾದಶಿ ತಪ್ಪಿಸದ ಮೂರ್ತಿಗಳು ಆ ಹೋಟೆಲಿನ ಬೋರ್ಡಿನ ಕೆಳಗೆ ಎರಡು ಬೆರಳೆತ್ತಿ ನಿಂತು ಫೋಟೋ ತೆಗೆಸಿಕೊಂಡು, ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅಡಿಬರಹ: ‘ಆ ರುಚಿಯೇ ಬೇರೆ.’

“ತಿನ್ನದ ರುಚಿಯ ನೆನಪು, ಇಲ್ಲದ ಊರಿನ ನೆನಪು” ಎಂದರು ವೆಂಕಣ್ಣ. “ಪಕ್ಕದ ಕ್ಷೌರದಂಗಡಿಯಲ್ಲೂ ಹಾಗೇ. ಗೋಡೆ ಕಾಣದ ಹಾಗೆ ಗಿರಾಕಿಗಳ ಫೋಟೋ. ಇವರು ಹೋಗಿ ಕುರ್ಚಿಯಲ್ಲಿ ಕೂತರು. ಆ ಪುಣ್ಯಾತ್ಮ ಒಂದು ಸಲ ಇವರ ತಲೆ ನೋಡಿದ, ಒಂದು ಸಲ ತನ್ನ ಕತ್ತರಿ ನೋಡಿದ. ಕತ್ತರಿಸಲು ಏನಾದರೂ ಇರಬೇಕಲ್ಲ! ಅದೂ ಇಲ್ಲದ ಕೂದಲಿನ ನೆನಪೇ.”

ಮೂರ್ತಿಗಳೂ ನಕ್ಕರು. ನಕ್ಕ ಮೇಲೆ ಸೋಲಬಾರದೆಂದು ಬೇರೆ ದಾರಿ ಹಿಡಿದರು. “ನಮ್ಮವರೇನು ಕಮ್ಮಿ? ಆಗುಂಬೆಗೆ ಹೋಗಿ ಮಾಲ್ಗುಡಿ ಎಲ್ಲಿ ಅಂತ ಕೇಳಲ್ವಾ? ಶಂಕರ್‌ನಾಗ್ ಧಾರಾವಾಹಿ ತೆಗೆದ ಅರಸಾಳು ಸ್ಟೇಷನ್ನನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಅಂತಲೇ ಮಾಡಿದ್ದಾರೆ. ನಾವೂ ಹೋಗಿ ಬಂದ್ವಿ.”

“ಅದನ್ನೇ ನಾನೂ ಹೇಳೋದು. ಇರುವ ಊರಿಗೆ ಇಲ್ಲದ ಊರಿನ ಹೆಸರಿಟ್ಟರೇನೇ ನಾವು ಇಳಿದು ನೋಡೋದು. ಬರೀ ಅರಸಾಳು ಅಂದಿದ್ದರೆ ಕಿಟಕಿಯಲ್ಲೇ ನೋಡಿ ಮುಂದೆ ಹೋಗುತ್ತಿದ್ದಿರಿ.”

“ನನಗೆ ಆ ಅವಳಿ ಅಣ್ಣತಮ್ಮಂದಿರ ಕಥೆಯೇ ಹಿಡಿಸಿದ್ದು” ಎಂದರು ಸರೋಜಕ್ಕ.

ಅದು ನಿಜಕ್ಕೂ ನಡೆದ ಕಥೆ. ಸಯಾಮಿನಿಂದ, ಅಂದರೆ ಈಗಿನ ಥಾಯ್ಲೆಂಡಿನಿಂದ, ಬಂದ ಚಾಂಗ್ ಮತ್ತು ಎಂಗ್. ಎದೆಯ ಹತ್ತಿರ ಅಂಟಿಕೊಂಡೇ ಹುಟ್ಟಿದವರು. ‘ಸಯಾಮಿ ಅವಳಿ’ ಎಂಬ ಮಾತು ಹುಟ್ಟಿದ್ದೇ ಅವರಿಂದ. ಪ್ರಪಂಚ ಸುತ್ತಿ, ದುಡ್ಡು ಮಾಡಿ, ಕೊನೆಗೆ ಮೌಂಟ್ ಏರಿಯ ಪಕ್ಕದಲ್ಲಿ ಜಮೀನು ಮಾಡಿಕೊಂಡು ನಿಂತರು. ಅಕ್ಕತಂಗಿಯರಿಬ್ಬರನ್ನು ಮದುವೆಯಾದರು. ಎರಡು ಮನೆ. ಮೂರು ದಿನ ಅಣ್ಣನ ಮನೆ, ಮೂರು ದಿನ ತಮ್ಮನ ಮನೆ. ಒಟ್ಟು 21 ಮಕ್ಕಳು. 1874ರ ಜನವರಿಯಲ್ಲಿ ಕೆಲವೇ ಗಂಟೆಗಳ ಅಂತರದಲ್ಲಿ ಇಬ್ಬರೂ ಹೋದರು.

“ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ” ಎಂದರು ಸರೋಜಕ್ಕ. “ನಮ್ಮ ಹಾಗೇ. ಆರು ತಿಂಗಳು ಮಗನ ಮನೆ, ಆರು ತಿಂಗಳು ಮಗಳ ಮನೆ. ಅಂಟಿಕೊಂಡಿರೋದು ಸೂಟ್‌ಕೇಸು ಅಷ್ಟೇ.”

ಸ್ವಲ್ಪ ಹೊತ್ತು ಬರೀ ಕೋಡುಬಳೆ ಸದ್ದು.

ಮೂರ್ತಿಗಳಿಗೆ ವಿಷಯ ಬಿಡಲು ಮನಸ್ಸಿಲ್ಲ. “ನೀವು ಏನೇ ಅನ್ನಿ, ಜನ ಒಳ್ಳೆಯವರಾಗಿದ್ದರು ಆ ಕಾಲದಲ್ಲಿ. ಧಾರಾವಾಹಿ ನೋಡಿದರೇ ಗೊತ್ತಾಗುತ್ತೆ.”

“ದಾರಿಯಲ್ಲಿ ಗ್ರೀನ್ಸ್‌ಬರೋ ಸಿಕ್ಕಿತಲ್ಲ, ಅಲ್ಲೊಂದು ಅಂಗಡಿ ಇದೆ, ಐದು ನಿಮಿಷ ನಿಲ್ಲಿಸಿ ಅಂದೆ. ಲೇಟಾಗುತ್ತೆ ಅಂದ್ರಿ” ಎಂದರು ವೆಂಕಣ್ಣ.

“ಯಾವ ಅಂಗಡಿ?”

“ವುಲ್‌ವರ್ತ್ ಅಂತ. ಈಗ ಮ್ಯೂಸಿಯಂ. 1960ರ ಫೆಬ್ರವರಿ 1ನೇ ತಾರೀಕು ನಾಲ್ಕು ಜನ ಕರಿಯ ಹುಡುಗರು, ಕಾಲೇಜಿನವರು, ಅಲ್ಲಿನ ತಿಂಡಿ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಬಿಳಿಯರಿಗೆ ಮಾತ್ರ ಅಂದರು. ಹುಡುಗರು ಏಳಲಿಲ್ಲ, ಅಂಗಡಿ ಮುಚ್ಚೋ ತನಕ ಕೂತರು. ಮಾರನೇ ದಿನ ಇನ್ನಷ್ಟು ಜನ ಬಂದು ಕೂತರು. ನಿಮ್ಮ ಧಾರಾವಾಹಿ ಶುರುವಾಗಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ.”

ನಾಗರಾಜು ಫೋನಿನಲ್ಲಿ ನೋಡಿ ತಲೆಯಾಡಿಸಿದ.

“ಅದು ಅಮೆರಿಕದ ಕಥೆ ಬಿಡಿ” ಎಂದರು ಮೂರ್ತಿಗಳು, ಮೆತ್ತಗೆ.

“ಹಾಗಾದರೆ ನಿಮ್ಮೂರಿನದ್ದೇ ಹೇಳೋಣ. ಹೋದ ವಾರ ಗುಂಪಿಗೆ ಹಾಕಿದ್ದಿರಲ್ಲ, ಬಸ್‌ಸ್ಟ್ಯಾಂಡ್ ಎದುರಿನ ಹಳೇ ಹೋಟೆಲಿನ ಫೋಟೋ. ಎಷ್ಟು ಜನ ಹೆಬ್ಬೆಟ್ಟು ಒತ್ತಿದರು?”

“ನಾನೂರು.”

“ನೀವು ಅಲ್ಲಿ ಕೊನೇ ಸಲ ಕಾಫಿ ಕುಡಿದಿದ್ದು?”

“ಅದು... 89ನೇ ಇಸವಿ ಇರಬೇಕು.”

“ನಾನೂರು ಜನ ತಿಂಗಳಿಗೊಂದು ಕಾಫಿ ಕುಡಿದಿದ್ದರೆ ಆ ಮನುಷ್ಯ ಬಾಗಿಲು ಹಾಕುತ್ತಿರಲಿಲ್ಲ. ಅಂಗಡಿ ತೆರೆದಿದ್ದಾಗ ಎದುರುಗಡೆ ಹೊಸ ಹೋಟೆಲಿಗೆ ಹೋಗೋದು, ಮುಚ್ಚಿದ ಮೇಲೆ ಅಯ್ಯೋ ಅನ್ನೋದು. ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹೋಟೆಲಿನ ಹೊರಗೆ, ಜಗಲಿಯ ಮೂಲೆಯಲ್ಲಿ ಬೇರೆ ಲೋಟ ಇಡುತ್ತಿದ್ದರಾ?”

ಮೂರ್ತಿಗಳು ಕೈಯಲ್ಲಿದ್ದ ಕೋಡುಬಳೆಯನ್ನೇ ನೋಡಿದರು. “ಇಡುತ್ತಿದ್ದರು. ತೊಳೆದು ಕವುಚಿ ಇಡಬೇಕಿತ್ತು ಅವರೇ.”

“ಆ ಲೋಟದಲ್ಲಿ ಕುಡಿದವರು ನಿಮ್ಮ ಗುಂಪಿನಲ್ಲಿ ಇದ್ದಾರಾ?”

ಯಾರೂ ಮಾತಾಡಲಿಲ್ಲ. ಜಾರುಬಂಡೆಯಿಂದ ಒಂದು ಮಗು ಜಾರಿ, ಅತ್ತು, ಸುಮ್ಮನಾಯಿತು. ಯಾರ ಮೊಮ್ಮಗುವೂ ಅಲ್ಲ.

“ಹಾಗಂದ್ರೆ ಏನನ್ನೂ ನೆನಪೇ ಮಾಡ್ಕೋಬಾರದಾ?” ಸರೋಜಕ್ಕನಿಗೆ ಗಂಡನ ಮುಖ ನೋಡಿ ಕೆಟ್ಟೆನಿಸಿರಬೇಕು. “ನಿನ್ನೆ ನಾವೆಲ್ಲ ಕ್ಷೌರದಂಗಡಿಯಲ್ಲಿದ್ದಾಗ ನೀವೆಲ್ಲಿ ಹೋಗಿದ್ರಿ ವೆಂಕಣ್ಣ? ಮುಕ್ಕಾಲು ಗಂಟೆ ಹುಡುಕಿದ್ವಿ.”

“ಸುಮ್ನೆ, ಹಿಂದಿನ ಬೀದಿಗೆ. ಹಳೇ ಮಿಲ್ಲಿನ ಕಟ್ಟಡ ನೋಡ್ತಾ ನಿಂತಿದ್ದೆ.”

“ಮಿಲ್ಲಾ?”

“ಆ ಊರು ಹೊಟ್ಟೆ ಹೊರೆದಿದ್ದು ಧಾರಾವಾಹಿಯಿಂದ ಅಲ್ಲಮ್ಮಾ. ಒಂದು ಕಡೆ ಕಲ್ಲಿನ ಕ್ವಾರಿ, 1889ರಿಂದ ಇವತ್ತಿಗೂ ಬಿಳಿಗಲ್ಲು ತೆಗೀತಾರೆ. ಇನ್ನೊಂದು ಕಡೆ ಮಿಲ್ಲುಗಳು. ಕಾಲುಚೀಲ, ಮಕ್ಕಳ ಬಟ್ಟೆ. ಬೇರೆ ದೇಶದಲ್ಲಿ ಕೂಲಿ ಅಗ್ಗ ಅಂತ ಕೆಲಸ ಅಲ್ಲಿಗೆ ಹೋಯಿತು, ಮಿಲ್ಲು ಒಂದೊಂದಾಗಿ ಮುಚ್ಚಿದವು. ಆಮೇಲೆ ಊರಿನವರು ಮೇಬೆರಿಯನ್ನ ಗಟ್ಟಿಯಾಗಿ ಹಿಡಿದುಕೊಂಡರು. ತಪ್ಪು ಅನ್ನಲ್ಲ, ಹೊಟ್ಟೆಪಾಡು. ಆದರೆ ಇಲ್ಲದ ಪೊಲೀಸಪ್ಪನ ಠಾಣೆ ತೋರಿಸೋಕೆ ಕಾರಿದೆ. ಇದ್ದ ಮಿಲ್ಲು ತೋರಿಸೋಕೆ ಒಬ್ಬನೂ ಇಲ್ಲ.”

“ಇಲ್ಲಿಯ ಮಿಲ್ಲಿನವರನ್ನ ಲಿಂಟ್‌ಹೆಡ್ ಅಂತ ಆಡಿಕೊಳ್ಳುತ್ತಿದ್ದರಂತೆ” ಎಂದ ನಾಗರಾಜು ಫೋನಿನಿಂದ ತಲೆಯೆತ್ತದೆ. “ತಲೆತುಂಬ ಹತ್ತಿ ಧೂಳು ಇರ್ತಿತ್ತಲ್ಲ, ಅದಕ್ಕೆ.”

ವೆಂಕಣ್ಣ ನಕ್ಕರು. ಈ ಸಲದ ನಗು ಬೇರೆ ಥರ ಇತ್ತು.

“ನಮ್ಮ ದಾವಣಗೆರೆಯಲ್ಲೂ ಮಿಲ್ಲೇ ಮಿಲ್ಲು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಈಗ ಮಿಲ್ಲಿಲ್ಲ, ಬೆಣ್ಣೆ ದೋಸೆ ಇದೆ. ಬೆಂಗಳೂರಲ್ಲಿ ಗಲ್ಲಿಗೊಂದು ಬೋರ್ಡು. ಅಪ್ಪ ಸ್ಪಿನ್ನಿಂಗ್ ಖಾತೆಯಲ್ಲಿದ್ದ. ಪಾಳಿ ಮುಗಿಸಿ ಬಂದರೆ ತಲೆ, ಹುಬ್ಬು, ಮೀಸೆ, ಕಿವಿ ಮೇಲಿನ ಕೂದಲು ಎಲ್ಲ ಬಿಳೀ ಬಿಳಿ. ಬಾಗಿಲಲ್ಲೇ ನಿಂತು ಟವೆಲ್ಲಲ್ಲಿ ಝಾಡಿಸಿಕೊಳ್ಳುತ್ತಿದ್ದ. ಬಚ್ಚಲಿಗೆ ಹೋಗಿ ಬಂದರೆ ಕರೀ ಕೂದಲು. ನಾನು ನಾಲ್ಕೈದು ವರ್ಷದವನು. ಮಿಲ್ಲಿಗೆ ಹೋದರೆ ಅಪ್ಪನಿಗೆ ವಯಸ್ಸಾಗುತ್ತೆ, ಸ್ನಾನ ಮಾಡಿದರೆ ವಾಪಸ್ಸು ಬರುತ್ತೆ ಅಂದುಕೊಂಡಿದ್ದೆ. ಒಂದು ದಿನ ಬಚ್ಚಲಿನಿಂದ ಬಂದಮೇಲೂ ಬಿಳಿಯಾಗೇ ಇತ್ತು. ಇನ್ನೊಂದು ಚೊಂಬು ನೀರು ಹಾಕ್ಕೋ ಅಪ್ಪಾ ಅಂದಿದ್ದೆ.”

ಮೂರ್ತಿಗಳಿಗೆ ಮತ್ತೆ ಅಲರ್ಜಿ ಶುರುವಾಯಿತು. ಕನ್ನಡಕ ತೆಗೆದು ಒರೆಸಿಕೊಂಡು, “ಇದನ್ನ ಗುಂಪಿಗೆ ಹಾಕ್ತೀನಿ ವೆಂಕಣ್ಣ. ಮಿಲ್ಲಿನ ಮುಂದೆ ನಿಮ್ಮಪ್ಪ ನಿಂತಿರೋ ಫೋಟೋ ಇದ್ದರೆ ಕಳಿಸಿ” ಎಂದರು.

“ಮಿಲ್ಲಿನ ಗೇಟಿನ ಮುಂದೆ ಯಾರ್ರೀ ಫೋಟೋ ತೆಗೀತಿದ್ದರು? ಕೋಡುಬಳೆ ಇನ್ನೂ ಇದೆಯಾ ಸರೋಜಕ್ಕ?”

ಡಬ್ಬಿಯಲ್ಲಿ ಚೂರು ಮಾತ್ರ ಉಳಿದಿತ್ತು.