ಬಿಸಿಲೇರಿದಾಗ ಸ್ಟೀಮ್ ಎಜೆಕ್ಟರ್‌ನ ನಿರ್ವಾತ ಕುಸಿಯುವುದೇಕೆ?

ಪ್ರಶ್ನೆ:
ನಮ್ಮ ಖಾದ್ಯತೈಲ ಘಟಕದ ಡಿಯೋಡರೈಸರ್‌ಗೆ (ಎಣ್ಣೆಯ ವಾಸನೆ ತೆಗೆಯುವ ಪಾತ್ರೆ) ನಾಲ್ಕು ಹಂತಗಳ ಸ್ಟೀಮ್ ಎಜೆಕ್ಟರ್ (ಹಬೆಯ ಬಲದಿಂದ ನಿರ್ವಾತ ಉಂಟುಮಾಡುವ ಸಾಧನ) ಇದೆ. ಬೆಳಿಗ್ಗೆ 3 ಮಿಲಿಬಾರ್‌ನಲ್ಲಿ ಸ್ಥಿರವಾಗಿರುವ ಒತ್ತಡವು ಮಧ್ಯಾಹ್ನ ಇದ್ದಕ್ಕಿದ್ದಂತೆ ಏರುತ್ತದೆ. ಹಬೆಯ ಒತ್ತಡವನ್ನು ಹೆಚ್ಚಿಸಿದರೆ ಸರಿಹೋಗಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮೊದಲು ಕಂಡೆನ್ಸರ್‌ಗೆ ಬರುವ ನೀರಿನ ಉಷ್ಣತೆಯನ್ನು ಅಳೆಯಿರಿ. ಎಜೆಕ್ಟರ್‌ನಲ್ಲಿ ಚಲಿಸುವ ಭಾಗ ಯಾವುದೂ ಇಲ್ಲ. ನಾಜಲ್‌ನಲ್ಲಿ ಹಿಗ್ಗಿ ಶಬ್ದಾತೀತ ವೇಗ ಪಡೆದ ಹಬೆಯು ಡಿಯೋಡರೈಸರ್‌ನ ಆವಿಯನ್ನು ತನ್ನೊಡನೆ ಸೆಳೆದೊಯ್ಯುತ್ತದೆ, ಮುಂದೆ ಡಿಫ್ಯೂಸರ್‌ನಲ್ಲಿ ಆ ವೇಗವೇ ಒತ್ತಡವಾಗಿ ಮಾರ್ಪಡುತ್ತದೆ. ಒಂದು ಹಂತವು ಒತ್ತಡವನ್ನು ಸಾಮಾನ್ಯವಾಗಿ ಹತ್ತು ಪಟ್ಟಿನೊಳಗೆ ಮಾತ್ರ ಏರಿಸುವುದರಿಂದ, 3 ಮಿಲಿಬಾರ್‌ನಿಂದ ವಾಯುಮಂಡಲದ 1013 ಮಿಲಿಬಾರ್ ತಲುಪಲು ಹಲವು ಹಂತಗಳು ಬೇಕಾಗುತ್ತವೆ. ನಡುವಿನ ಕಂಡೆನ್ಸರ್ ಹಬೆಯನ್ನು ನೀರಾಗಿಸಿ ಮುಂದಿನ ಹಂತದ ಹೊರೆಯನ್ನು ಇಳಿಸುತ್ತದೆ. ಆದರೆ ಕಂಡೆನ್ಸರ್‌ನ ಒತ್ತಡವು ಅದರೊಳಗಿನ ನೀರಿನ ಆವಿಯೊತ್ತಡಕ್ಕಿಂತ ಕೆಳಗಿಳಿಯದು; 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿಯೊತ್ತಡವೇ ಸುಮಾರು 50 ಮಿಲಿಬಾರ್. 38 ಡಿಗ್ರಿಯಲ್ಲಿ ಅದು ಸುಮಾರು 66. ಹೀಗೆ ಕಂಡೆನ್ಸರ್‌ನ ಒತ್ತಡವು ಬೂಸ್ಟರ್ (ಕಂಡೆನ್ಸರ್‌ಗಿಂತ ಮುಂಚಿನ ಎಜೆಕ್ಟರ್ ಹಂತ) ತಾಳಬಲ್ಲ ಮಿತಿಯನ್ನು ದಾಟಿದೊಡನೆ, ನಿರ್ವಾತವು ನಿಧಾನವಾಗಿ ಇಳಿಯದೆ ಒಮ್ಮೆಲೇ ಕುಸಿಯುತ್ತದೆ. ನೀವು ಹೇಳುವ ಲಕ್ಷಣವೂ ಇದೇ.

ಉತ್ತರ 2:
ಇದಕ್ಕೆ ನನ್ನ ಸಹಮತವಿದೆ. ವಿನ್ಯಾಸಕ್ಕಿಂತ ಹೆಚ್ಚು ಹಬೆ ಕೊಟ್ಟರೆ ಬಿಸಿಯಾಗಿರುವ ಕಂಡೆನ್ಸರ್‌ನ ಹೊರೆಯೇ ಹೆಚ್ಚುತ್ತದೆ. ಆದರೆ ಹಬೆ ಒಣಗಿರಬೇಕು; ತೇವದ ಹಬೆಯು ನಾಜಲ್‌ನ ಗಂಟಲನ್ನು ಸವೆಸಿ ಹಿಗ್ಗಿಸುತ್ತದೆ. ಆದ್ದರಿಂದ ಸ್ಟೀಮ್ ಟ್ರ್ಯಾಪ್ (ಹಬೆಯ ಕೊಳವೆಯಿಂದ ನೀರನ್ನು ಹೊರಹಾಕುವ ಕವಾಟ) ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೂಲಿಂಗ್ ಟವರ್‌ನಿಂದ ಬರುವ ನೀರಿನ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದಿಡಲು ಆರಂಭಿಸುತ್ತೇವೆ.

ಉತ್ತರ 3:
ಜೊತೆಗೆ ಘಟಕ ನಿಂತಿರುವಾಗ ಕವಾಟಗಳನ್ನು ಮುಚ್ಚಿ, ಒತ್ತಡ ಎಷ್ಟು ಬೇಗ ಏರುತ್ತದೆಂದು ನೋಡಿದರೆ ಗಾಳಿಯ ಸೋರಿಕೆಯೂ ತಿಳಿಯುತ್ತದೆ.