ಏಳು ಜನ, ಏಳು ಪುಸ್ತಕ, ಕಠ್ಮಂಡು: ಸ್ಕೆಚ್ಚಿಂಗ್ ಪ್ರವಾಸಕ್ಕೆ ತಯಾರಿ ಹೇಗೆ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಚಿತ್ರಕಲೆಯಲ್ಲಿ ಯಾವ ಪದವಿಯೂ ಇಲ್ಲ. ಮೂರು ವರ್ಷಗಳಿಂದ ಭಾನುವಾರ ಬೆಳಿಗ್ಗೆ ನಾವು ಏಳು ಜನ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಚಿತ್ರ ಬಿಡಿಸುತ್ತೇವೆ. ನನ್ನ ಜೊತೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ವ್ಯಾಪಾರಿಯೊಬ್ಬರು, ನಿವೃತ್ತ ಅಂಚೆ ನೌಕರರೊಬ್ಬರು (68 ವರ್ಷ, ಮಂಡಿ ನೋವು), ಔಷಧದ ಅಂಗಡಿಯವರು, ಅಕ್ಕ ತಂಗಿಯರಿಬ್ಬರು ಮತ್ತು 19 ವರ್ಷದ ಕಾಲೇಜು ಹುಡುಗಿ ಇದ್ದಾರೆ.

ಹೋದ ತಿಂಗಳು ಯಾರೋ ಚಹಾ ಕುಡಿಯುತ್ತಾ "ನವೆಂಬರಿನಲ್ಲಿ ಕಠ್ಮಂಡುವಿಗೆ ಹೋಗೋಣ" ಎಂದರು. ನಾನು ತಲೆಯಾಡಿಸಿದೆ. ಮುಂದಿನ ವಾರದ ಹೊತ್ತಿಗೆ ಮುಂದಾಳು ನಾನೇ ಎಂದು ತೀರ್ಮಾನವಾಗಿತ್ತು. "ಲೆಕ್ಕದ ಟೀಚರ್ ಅಲ್ಲವೇ, ಎಲ್ಲಾ ಲೆಕ್ಕ ನೀವೇ ಹಾಕಿ" ಎನ್ನುತ್ತಾರೆ. ನಾನಾದರೋ ದೇಶದ ಗಡಿ ದಾಟಿದವಳಲ್ಲ.

ಆರು ದಿನಕ್ಕೆ ಹನ್ನೊಂದು ಸ್ಥಳಗಳ ಕೋಷ್ಟಕ ಮಾಡಿದ್ದೇನೆ: ಪಶುಪತಿನಾಥ, ಬೌದ್ಧನಾಥ, ಸ್ವಯಂಭೂ, ಪಾಟನ್, ಭಕ್ತಪುರ, ನಾಗರಕೋಟ್ ಹೀಗೆ. ಇದು ಸರಿಯೇ? ಯಾವ ದಾಖಲೆ ಬೇಕು, ವಿಮಾನದಲ್ಲಿ ಬಣ್ಣ ಒಯ್ಯಲು ಬಿಡುತ್ತಾರೆಯೇ? ಎಲ್ಲಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ರೇಷ್ಮೆಯವರು ಇಪ್ಪತ್ತು ನಿಮಿಷಕ್ಕೆ ಚಿತ್ರ ಮುಗಿಸಿ ಎದ್ದು ಓಡಾಡುತ್ತಾರೆ. ಅಂಚೆಯವರು ಎರಡು ಗಂಟೆಯಾದರೂ ಒಂದೇ ಕಂಬದ ಅಳತೆ ತೆಗೆಯುತ್ತಿರುತ್ತಾರೆ. ಇವರನ್ನು ಪರವೂರಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ?

ಹಳೆಯ ಡ್ರಾಯಿಂಗ್ ಮೇಷ್ಟರು (ತುಮಕೂರು) ಉತ್ತರ:

ತಾಯಿ, ನಿಮ್ಮ ಕೋಷ್ಟಕದಲ್ಲಿ ಹನ್ನೊಂದು ಸ್ಥಳಗಳಿವೆ, ಕೂರುವ ಜಾಗ ಒಂದೂ ಇಲ್ಲ. ಅದನ್ನು ಹರಿದು ಹಾಕಿ.

ನಾನು 2017 ಮತ್ತು 2019ರಲ್ಲಿ ಎರಡು ಸಲ ಆ ಕಣಿವೆಗೆ ಗುಂಪು ಕರೆದುಕೊಂಡು ಹೋಗಿದ್ದೆ. ಮೊದಲ ಸಲ ನಾನೂ ನಿಮ್ಮ ಹಾಗೆಯೇ ದಿನಕ್ಕೆ ಎರಡು ಮೂರು ಸ್ಥಳ ತುಂಬಿದ್ದೆ. ಮೂರನೆಯ ದಿನ ಭಕ್ತಪುರದಲ್ಲಿ ಸುಡುಬಿಸಿಲಿನ ನಡುವೆ ಐದು ಜನ ನಿಂತುಕೊಂಡು, ಪುಸ್ತಕವನ್ನು ಹೊಟ್ಟೆಗೆ ಒತ್ತಿ ಹಿಡಿದು ಗೋಪುರ ಬರೆಯುತ್ತಿದ್ದರು. ಆರನೆಯವರು ಶೌಚಾಲಯ ಹುಡುಕಿಕೊಂಡು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಅವತ್ತಿನ ಚಿತ್ರಗಳೆಲ್ಲ ಬಸ್ಸಿನ ಕಿಟಕಿಯಿಂದ ಬರೆದಂತಿವೆ. ಸಂಜೆ ವಸತಿಗೃಹಕ್ಕೆ ಬಂದರೆ, ನಾವು ಕಾದಿರಿಸಿದ್ದ ಎರಡು ಕೋಣೆಗಳನ್ನು ಬೇರೆಯವರಿಗೆ ಕೊಟ್ಟಿದ್ದರು. ಅದು ಬಿಡಿ, ಬೇರೆಯೇ ಪುರಾಣ.

ಎರಡನೆಯ ಸಲ ಊರುಗಳನ್ನು ಎರಡಕ್ಕೆ ಇಳಿಸಿದೆ: ಮೂರು ದಿನ ಭಕ್ತಪುರದಲ್ಲೇ ವಾಸ, ಎರಡು ದಿನ ಪಾಟನ್. ಪ್ರತಿ ಜಾಗಕ್ಕೂ ನಾಲ್ಕೇ ಪ್ರಶ್ನೆ ಕೇಳಿಕೊಂಡೆ. ಏಳು ಜನ ಬೆನ್ನಿಗೆ ಆಸರೆ ಸಿಗುವಂತೆ ಕೂರಬಹುದೇ? ಹತ್ತು ಗಂಟೆಯ ನಂತರ ನೆರಳು ಎಲ್ಲಿರುತ್ತದೆ? ಶೌಚಾಲಯ ಎಷ್ಟು ದೂರ? ಎದ್ದು ಹೋಗದೆ ಚಹಾ ಸಿಗುತ್ತದೆಯೇ? ಗೋಪುರ ಚೆನ್ನಾಗಿದೆಯೇ ಎಂದು ಕೇಳಬೇಕಾಗಿಯೇ ಇಲ್ಲ. ಆ ಊರುಗಳಲ್ಲಿ ಕಣ್ಣು ಹೊರಳಿದಲ್ಲೆಲ್ಲ ಚೆನ್ನಾಗಿಯೇ ಇದೆ.

ಆ ಕಣಿವೆಯ ಮೂಲ ನಿವಾಸಿಗಳಾದ ನೇವಾರ ಜನರ ಬೀದಿಗಳಲ್ಲಿ ಫಾಲ್ಚಾ ಎಂಬ ತೆರೆದ ಜಗಲಿಗಳಿರುತ್ತವೆ. ಮರದ ಕಂಬ, ಮೇಲೆ ಸೂರು, ಕೆಳಗೆ ಎತ್ತರಿಸಿದ ಹಲಗೆ. ದಾರಿಹೋಕರಿಗೆಂದೇ ಕಟ್ಟಿದವು. ನಮ್ಮ ಹಳ್ಳಿಯ ಅರಳಿಕಟ್ಟೆಗೆ ಸೂರು ಹಾಕಿದ ಹಾಗೆ. ಮುದುಕರು ಅಲ್ಲಿ ಕುಳಿತು ಹರಟುತ್ತಾರೆ, ಪಕ್ಕದಲ್ಲಿ ನೀವು ಕುಳಿತರೆ ಬೇಡವೆನ್ನುವುದಿಲ್ಲ. ಅಂಚೆಯವರ ಮಂಡಿಗೆ ಅದಕ್ಕಿಂತ ಒಳ್ಳೆಯ ಪೀಠವಿಲ್ಲ.

ಭಕ್ತಪುರದ ನ್ಯಾತಪೋಲ 1702ರಲ್ಲಿ ಕಟ್ಟಿದ ಐದು ಸೂರಿನ ದೇವಾಲಯ. ಎಲ್ಲರೂ ಅದರ ಎದುರು ನಿಂತು, ಕತ್ತೆತ್ತಿ, ಅದನ್ನೇ ಬರೆಯುತ್ತಾರೆ. ನೀವು ಅದರ ಮೆಟ್ಟಿಲ ಮೇಲೆ ಕುಳಿತು ಕೆಳಗಿನ ಚೌಕವನ್ನೂ ಪಕ್ಕದ ಭೈರವನಾಥ ಗುಡಿಯನ್ನೂ ಬರೆಯಿರಿ. ಆ ಮೆಟ್ಟಿಲ ಇಕ್ಕೆಲದಲ್ಲಿ ಜೋಡಿ ಮೂರ್ತಿಗಳಿವೆ. ಕೆಳಗೆ ಜಟ್ಟಿಗಳು, ಅವರು ಸಾಮಾನ್ಯ ಮನುಷ್ಯನ ಹತ್ತು ಪಟ್ಟು ಬಲಶಾಲಿಗಳಂತೆ. ಮೇಲಿನ ಆನೆ ಜಟ್ಟಿಯ ಹತ್ತು ಪಟ್ಟು, ಅದರ ಮೇಲೆ ಸಿಂಹ, ಆಮೇಲೆ ಹಕ್ಕಿಯ ಕೊಕ್ಕಿನ ಸಿಂಹ, ತುದಿಯಲ್ಲಿ ದೇವತೆಗಳು. ಗುಣಿಸಿ ನೋಡಿ, ಲೆಕ್ಕದ ಟೀಚರ್. ತುದಿಯವರು ನಮಗಿಂತ ಒಂದು ಲಕ್ಷ ಪಟ್ಟು. ಗುಂಪನ್ನು ಆ ಐದು ಹಂತಗಳಲ್ಲಿ ಹಂಚಿ ಕೂರಿಸಿ, ಒಂದೇ ಚೌಕ ಏಳು ಎತ್ತರಗಳಿಂದ ಏಳು ಚಿತ್ರವಾಗುತ್ತದೆ. (ಐದು ಹಂತಕ್ಕೆ ಏಳು ಎತ್ತರ ಹೇಗೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಒಬ್ಬರು ಕೆಳಗೆ ಚಹಾ ಅಂಗಡಿಯಲ್ಲಿರುತ್ತಾರೆ, ಇನ್ನೊಬ್ಬರು ನೀವು, ನಿಂತೇ ಇರುತ್ತೀರಿ.)

ಹೌದು, ಮುಂದಾಳು ನಿಂತೇ ಇರಬೇಕು. 2017ರ ನನ್ನ ಪುಸ್ತಕದಲ್ಲಿ ಗುಡಿಗಿಂತ ನನ್ನವರ ಬೆನ್ನುಗಳೇ ಹೆಚ್ಚು. ಬೇಸರ ಮಾಡಿಕೊಳ್ಳಬೇಡಿ, ಬೆನ್ನು ಬರೆಯುವುದರಲ್ಲಿ ನಾನು ಪಳಗಿದೆ. ಎಲ್ಲರೂ ಕುಳಿತು ಮೊದಲ ಗೆರೆ ಎಳೆದ ಮೇಲೆ ಮಾತ್ರ ನಿಮ್ಮ ಪೆನ್ನು ಹೊರಬರಲಿ.

ವೇಗದ ವಿಚಾರ. ಒಂದು ಜಾಗಕ್ಕೆ ಎರಡು ಗಂಟೆ, ಅದಕ್ಕಿಂತ ಕಡಿಮೆ ಬೇಡ. ಗಡಿ ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ ಯಾರು ಬೇಕಾದರೂ ಹೋಗಬಹುದು, ಅದರಾಚೆ ಹೋಗುವುದಾದರೆ ಹೇಳಿ ಹೋಗಬೇಕು. ರೇಷ್ಮೆಯವರನ್ನು ತಡೆಯಬೇಡಿ, ಅವರಿಗೆ ಚಿಕ್ಕ ಪುಸ್ತಕ ಕೊಟ್ಟು ಎರಡು ಗಂಟೆಯಲ್ಲಿ ಐದು ಚಿತ್ರ ಕೇಳಿ: ಒಂದು ಕಿಟಕಿ, ಒಂದು ನಾಯಿ, ಒಂದು ಮಡಕೆ. ಭಕ್ತಪುರದ ಕುಂಬಾರರ ಚೌಕದಲ್ಲಿ ಬಿಸಿಲಿಗೆ ಸಾಲಾಗಿಟ್ಟ ಹಸಿ ಮಡಕೆಗಳು ಅವರಂಥವರಿಗೆಂದೇ ಇವೆ. ಅಂಚೆಯವರಿಗೆ ಮಾತ್ರ ಎರಡನೆಯ ದಿನವೂ ಅದೇ ಜಾಗಕ್ಕೆ ಬರುತ್ತೇವೆಂದು ಮೊದಲೇ ಮಾತು ಕೊಡಿ. ಅರ್ಧ ಬಿಟ್ಟು ಏಳಬಹುದು ಎಂದು ಗೊತ್ತಾದರೆ ನಿಧಾನದವರು ನಿರಾಳವಾಗುತ್ತಾರೆ.

ಅಭ್ಯಾಸದಲ್ಲಿ ಒಂದು ಕೊರತೆ ನಿಮಗೆ ಖಂಡಿತ ಇದೆ. ನಮ್ಮ ಸೀಮೆಯವರಿಗೆ ಕಲ್ಲಿನ ಕಂಬ ಗೊತ್ತು, ಸೂರಿನ ಅಡಿಭಾಗ ಗೊತ್ತಿಲ್ಲ. ಅಲ್ಲಿನ ಗುಡಿಗಳು ಇಟ್ಟಿಗೆ ಮತ್ತು ಮರ. ಸೂರು ಗೋಡೆಯಿಂದ ಆಳವಾಗಿ ಮುಂದೆ ಚಾಚಿರುತ್ತದೆ, ಓರೆಯಾಗಿ ಆತುಕೊಂಡ ಕೆತ್ತನೆಯ ಮರಗಳು ಅದನ್ನು ಹೊತ್ತಿರುತ್ತವೆ. ಕೆಳಗಿನಿಂದ ನೋಡುವವನಿಗೆ ಹೆಂಚಿಗಿಂತ ಹೆಚ್ಚು ಕಾಣುವುದು ಆ ಕತ್ತಲೆಯ ಹೊಟ್ಟೆ. ಅದನ್ನು ಬರೆಯದಿದ್ದರೆ ಚಿತ್ರದಲ್ಲಿ ಗುಡಿಗೆ ಟೋಪಿ ಹಾಕಿದಂತಿರುತ್ತದೆ. ಈಗಿನಿಂದಲೇ ಹಳೆಯ ಹೆಂಚಿನ ಮನೆಯೊಂದನ್ನು ಹುಡುಕಿ, ಜಗಲಿಯ ಮುಂದೆ ಕುಳಿತು ಜಂತೆ, ತೊಲೆ, ಸೂರಿನ ನೆರಳು ಮಾತ್ರ ಬರೆಯಿರಿ. ನಾಲ್ಕು ಭಾನುವಾರ ಸಾಕು.

ಇನ್ನೊಂದು. ಏಪ್ರಿಲ್ 25, 2015ರ ಭೂಕಂಪದಲ್ಲಿ ಬಿದ್ದವುಗಳಲ್ಲಿ ಎಷ್ಟೋ ಗುಡಿಗಳು ನಾನು ಮೊದಲ ಸಲ ಹೋದಾಗ ಇನ್ನೂ ಎದ್ದಿರಲಿಲ್ಲ, ನಿಂತವುಗಳಿಗೂ ಮರದ ಊರೆ ಕೊಟ್ಟಿದ್ದರು. "ಗುಡಿಯೇ ಕಾಣುವುದಿಲ್ಲವಲ್ಲ ಸರ್" ಎಂದು ನನ್ನವರು ಗೊಣಗಿದರು. ಊರುಗೋಲು ಹಿಡಿದು ನಿಂತ ಊರನ್ನೇ ಬರೆಯಿರಿ ಎಂದೆ. ಆ ಪ್ರವಾಸದ ಅತ್ಯುತ್ತಮ ಚಿತ್ರಗಳು ಅವೇ. ನಿಮಗೂ ಎಲ್ಲಾದರೂ ಸಾರುವೆ ಅಡ್ಡ ಬಂದರೆ ಅದನ್ನು ಅಳಿಸಿ ಬರೆಯಬೇಡಿ.

ಚಳಿಯ ಬಗ್ಗೆ: ಕಠ್ಮಂಡು ಕಣಿವೆ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್, ನಿಮ್ಮ ನಂದಿ ಬೆಟ್ಟ 1,478. ಉಸಿರಾಟದ ತೊಂದರೆಯ ಭಯ ಬೇಡ. ಆದರೆ ನವೆಂಬರಿನ ಬೆಳಗಿನಲ್ಲಿ ಜಲವರ್ಣ ಒಣಗುವುದಿಲ್ಲ. ಬೆಳಿಗ್ಗೆ ಬರೀ ಗೆರೆ, ಬಣ್ಣ ಹನ್ನೊಂದರ ಮೇಲೆ.

ಮಧುಗಿರಿ ಏಕಶಿಲೆ ಉತ್ತರ:

ಮೇಷ್ಟರು ಹೇಳದೇ ಬಿಟ್ಟದ್ದು: ಶಾಯಿ. ಅರ್ಧ ತುಂಬಿದ ಫೌಂಟನ್ ಪೆನ್ನನ್ನು ಜೇಬಿಗಿಟ್ಟು ವಿಮಾನ ಹತ್ತಿದವನು ನಾನು. ಮೇಲೇರಿದಂತೆ ಕ್ಯಾಬಿನ್ನಿನ ಒತ್ತಡ ಇಳಿಯುತ್ತದೆ, ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಬಿಳಿ ಅಂಗಿ, ಇಳಿದ ಕೂಡಲೇ ಗುಂಪಿನ ಫೋಟೊ. ಪೆನ್ನು ಪೂರ್ತಿ ತುಂಬಿರಲಿ ಅಥವಾ ಪೂರ್ತಿ ಖಾಲಿಯಿರಲಿ, ನಿಬ್ಬು ಮೇಲ್ಮುಖವಾಗಿರಲಿ. ಸೀಸ ಚೂಪು ಮಾಡುವ ಬ್ಲೇಡು, ಕಟ್ಟರ್ ಕೈಚೀಲದಲ್ಲಿ ಇದ್ದರೆ ಭದ್ರತಾ ತಪಾಸಣೆಯಲ್ಲಿ ಹೋಯಿತೆಂದೇ ಲೆಕ್ಕ, ದೊಡ್ಡ ಪೆಟ್ಟಿಗೆಗೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು. ಫಿಕ್ಸೆಟಿವ್ ಸ್ಪ್ರೇ (ಚಿತ್ರ ಅಳಿಸಿಹೋಗದಂತೆ ಸಿಂಪಡಿಸುವುದು), ಟರ್ಪೆಂಟೈನ್ ಎರಡೂ ಮನೆಯಲ್ಲೇ ಇರಲಿ. ಬಿಲ್ಲೆ ಬಣ್ಣಗಳ ಡಬ್ಬಿಗೆ ನನಗೆ ಯಾರೂ ಅಡ್ಡಿ ಮಾಡಲಿಲ್ಲ.

ಕೋಲಾರದ ಅಕ್ಕ ಉತ್ತರ:

ನಾನು ಮುಂದಾಳಾಗಿ ಹೋದವಳಲ್ಲ, ಹಿಂಬಾಲಿಸಿ ಹೋದವಳು. ಹಾಗಾಗಿ ಹಿಂದಿನ ಸಾಲಿನವರ ಕಷ್ಟ ಹೇಳುತ್ತೇನೆ.

ದಾಖಲೆಯಿಂದ ಶುರು ಮಾಡಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ ಎಂದು ಎಲ್ಲರಿಗೂ ಗೊತ್ತು, ಅದರಿಂದಲೇ ಎಡವುತ್ತಾರೆ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಆಧಾರ್ ಇದೆಯಲ್ಲ ಎಂದರೆ ಆಗುವುದಿಲ್ಲ. 65 ದಾಟಿದವರಿಗೂ 15 ತುಂಬದವರಿಗೂ ಬೇರೆ ಗುರುತಿನ ಚೀಟಿ ನಡೆಯುವ ವಿನಾಯಿತಿ ಇದೆ, ಆದ್ದರಿಂದ ನಿಮ್ಮ ಅಂಚೆಯವರ ಚಿಂತೆ ಇಲ್ಲ. ಚಿಂತೆ ಆ 19 ವರ್ಷದ ಹುಡುಗಿಯದು. ಅವಳು ಇನ್ನೂ ಮತದಾರರ ಚೀಟಿ ಮಾಡಿಸಿದ್ದಾಳೆಯೇ ಎಂದು ಇವತ್ತೇ ಕೇಳಿ. ಟಿಕೆಟಿನ ಹೆಸರೂ ಚೀಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮಲ್ಲಿ ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಸೇರಿರುತ್ತದೆ.

ಹಣ: 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, ಈ ದರ ಬದಲಾಗದಂತೆ ಕಟ್ಟಿಹಾಕಿದ್ದಾರೆ. ಅಂಗಡಿಯವರು ಬೆಲೆ ಹೇಳಿದರೆ "ಐಸಿಯೋ, ಎನ್‌ಸಿಯೋ" ಎಂದು ಕೇಳಿ. ಭಾರತದ್ದು ಐಸಿ, ಅವರದು ಎನ್‌ಸಿ. ಕೇಳದಿದ್ದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ಕೊಟ್ಟು ಬರುತ್ತೀರಿ. ಸಾಮೂಹಿಕ ಖರ್ಚಿಗೆ ಒಂದು ಹುಂಡಿ ಮಾಡಿ, ಆದರೆ ಅದನ್ನು ನೀವು ಹಿಡಿಯಬೇಡಿ, ರೇಷ್ಮೆ ವ್ಯಾಪಾರಿಗೆ ಕೊಡಿ. ಹಣವೂ ನಿಮ್ಮದು, ದಾರಿಯೂ ನಿಮ್ಮದು ಎಂದಾದರೆ ಎಲ್ಲಾ ಅಸಮಾಧಾನಗಳೂ ನಿಮ್ಮ ಮನೆ ಬಾಗಿಲಿಗೇ ಬರುತ್ತವೆ. ವಿಮಾನದ ಟಿಕೆಟನ್ನು ಅವರವರೇ ಕೊಳ್ಳಲಿ.

ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಲು ಎಲ್ಲರಿಗೂ ಹೇಳಿ. ಅರ್ಧ ಗಂಟೆಯಲ್ಲ, ಒಂದು ಗಂಟೆಯಲ್ಲ, ಹದಿನೈದೇ ನಿಮಿಷ. ನಮ್ಮಲ್ಲಿ ಒಬ್ಬರು ಕೈಗಡಿಯಾರ ಬದಲಿಸದೆ ಐದು ದಿನವೂ ತಡವಾಗಿ ಬಂದರು, ಐದು ದಿನವೂ ನಾನು ಸರಿಯಾದ ಸಮಯಕ್ಕೇ ಬಂದಿದ್ದೇನೆ ಎಂದು ಜಗಳವಾಡಿದರು.

ಮುದ್ದೆ ಇಲ್ಲದೆ ಇರಲಾರೆ ಎನ್ನುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅಲ್ಲಿ ಧಿಂಡೋ ಎಂದು ಕೇಳಿ, ಕೋದೋ ಹಿಟ್ಟಿನದೇ ಬೇಕೆನ್ನಿ. ಕೋದೋ ಎಂದರೆ ನಮ್ಮ ರಾಗಿಯೇ. ನಮ್ಮ ಮುದ್ದೆಯಷ್ಟು ಗಟ್ಟಿ ಇರುವುದಿಲ್ಲ, ಕಣ್ಣು ಮುಚ್ಚಿಕೊಂಡರೆ ನಡೆಯುತ್ತದೆ.

ಕೊನೆಗೆ ಒಂದು ಮನಸ್ಸಿನ ಮಾತು. ನಮ್ಮನ್ನು ಕರೆದುಕೊಂಡು ಹೋದವರು ಬೆನ್ನ ಹಿಂದೆ ಬಂದು ನಿಂತು "ಈ ಗೆರೆ ವಾಲಿದೆ" ಎನ್ನುತ್ತಿದ್ದರು. ವಾಲಿದ್ದು ನನಗೂ ಕಾಣುತ್ತಿತ್ತು. ಎರಡನೆಯ ದಿನದಿಂದ ನಾನು ಅವರು ಬರುವುದು ಕಂಡರೆ ಪುಸ್ತಕ ಮುಚ್ಚುತ್ತಿದ್ದೆ.

ನಂದಿ ತಪ್ಪಲು:

ಎಲ್ಲರಿಗೂ ಧನ್ಯವಾದ. ಹುಡುಗಿಯನ್ನು ಕೇಳಿದೆ, ಅವಳ ಬಳಿ ಆಧಾರ್ ಬಿಟ್ಟರೆ ಏನೂ ಇಲ್ಲ! ಮತದಾರರ ಚೀಟಿಗೂ ಪಾಸ್‌ಪೋರ್ಟಿಗೂ ಇವತ್ತೇ ಅರ್ಜಿ ಹಾಕಿಸಿದೆ, ಯಾವುದು ಮೊದಲು ಬಂದರೆ ಅದು. ಕೋಷ್ಟಕವನ್ನು ಹರಿಯಲಿಲ್ಲ ಮೇಷ್ಟರೇ, ಹಿಂಬದಿಯಲ್ಲಿ ನಿಮ್ಮ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡಿದ್ದೇನೆ. ಹನ್ನೊಂದರಲ್ಲಿ ಮೂರು ಉಳಿದವು. ಅಕ್ಕ ತಂಗಿಯರು ಮಾತ್ರ ಪಶುಪತಿನಾಥ ಬಿಟ್ಟರೆ ಬರುವುದೇ ಇಲ್ಲ ಎನ್ನುತ್ತಿದ್ದಾರೆ. ಅಲ್ಲಿ ಕುಳಿತು ಬರೆಯಬಹುದೇ?

ಹಳೆಯ ಡ್ರಾಯಿಂಗ್ ಮೇಷ್ಟರು:

ಹೋಗಿ ಬನ್ನಿ, ಪುಸ್ತಕ ಚೀಲದಲ್ಲಿರಲಿ. ಮುಖ್ಯ ಗುಡಿಯ ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಚರ್ಮದ ವಸ್ತುಗಳನ್ನೂ ಬಿಡುವುದಿಲ್ಲ. ಅಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಬಹುಪಾಲು ನಮ್ಮ ಕರ್ನಾಟಕದ ಮೂಲದವರು ಎಂದು ಅಕ್ಕ ತಂಗಿಯರಿಗೆ ಹೇಳಿ, ಖುಷಿಪಡುತ್ತಾರೆ.

ಬಾಗ್ಮತಿಯ ದಂಡೆಯಲ್ಲಿ ಶವಗಳನ್ನು ಸುಡುತ್ತಿರುತ್ತಾರೆ. ಆಚೆ ದಡದಲ್ಲಿ ಪ್ರವಾಸಿಗಳು ಸಾಲಾಗಿ ಕುಳಿತು ನೋಡುತ್ತಾರೆ, ಬರೆಯುವವರೂ ಉಂಟು. ನನ್ನ ಗುಂಪಿನ ಒಬ್ಬನು ಬರೆಯಲು ಶುರು ಮಾಡಿದ. ತಲೆ ಬೋಳಿಸಿಕೊಳ್ಳುತ್ತಿದ್ದ ಒಬ್ಬ ಮಗ ತಲೆಯೆತ್ತಿ ನಮ್ಮ ಕಡೆ ನೋಡಿದ. ಅವನೇನೂ ಅನ್ನಲಿಲ್ಲ. ನಾನು ಪುಸ್ತಕ ಮುಚ್ಚಿಸಿದೆ. ನಮ್ಮ ಮನೆಯ ಸಾವಿನ ದಿನ ಅಂಗಳದಲ್ಲಿ ಅಪರಿಚಿತನೊಬ್ಬ ಬಣ್ಣದ ಡಬ್ಬಿ ತೆರೆದು ಕುಳಿತರೆ ನಾನಂತೂ ಸುಮ್ಮನಿರುತ್ತಿರಲಿಲ್ಲ.

ಕೋಲಾರದ ಅಕ್ಕ:

ನಾನು ಕೋತಿಗಳನ್ನು ಬರೆದೆ. ಬಹಳ ಇವೆ, ಒಂದೂ ಅಲುಗಾಡದೆ ಕೂರುವುದಿಲ್ಲ. ಒಂದು ನನ್ನ ರಬ್ಬರನ್ನು ಎತ್ತಿಕೊಂಡು ಹೋಯಿತು.

ನಂದಿ ತಪ್ಪಲು:

ಸರಿ, ಪಶುಪತಿನಾಥಕ್ಕೆ ಅರ್ಧ ದಿನ, ಪುಸ್ತಕವಿಲ್ಲದೆ. ಬರುವ ಭಾನುವಾರ ಕಲ್ಯಾಣಿಗೆ ರಜೆ. ಪೇಟೆಯಲ್ಲಿ ಅಂಚೆಯವರ ತಂಗಿಯ ಹೆಂಚಿನ ಮನೆ ಇದೆ, ಅದರ ಜಗಲಿಯ ಮುಂದೆ ಏಳು ಜನ ಕುಳಿತು ಸೂರಿನ ಹೊಟ್ಟೆ ಬರೆಯುತ್ತೇವೆ. ಅವರ ತಂಗಿ ಆಗಲೇ ಫೋನು ಮಾಡಿ, ಸೂರಿನಲ್ಲಿ ಜೇಡರ ಬಲೆ ಇದೆ, ಗುಡಿಸಲೇ ಎಂದು ಕೇಳಿದ್ದಾರೆ. ಬೇಡ ಎಂದಿದ್ದೇನೆ.